ಒಮ್ಮೆ ಒತ್ತಿದರೆ ಸಾಕು

ಹಲ್ಲುಜ್ಜಲು ಎರಡು ನಿಮಿಷ ಬೇಕು ಎಂದು ಯಾರಾದರೂ ಹೇಳಿದರೆ, ಅದು ಲೋಕವೆಲ್ಲ ಸೇರಿ ತನ್ನೊಬ್ಬನ ಮೇಲೆ ಹೂಡಿದ ಸಂಚು ಎಂದೇ ಪಾದರಸ ನಂಬಿದ್ದ. ಎರಡು ನಿಮಿಷದಲ್ಲಿ ಅವನು ಸ್ನಾನ ಮುಗಿಸಿ, ಅಂಗಿಯ ಗುಂಡಿಗಳನ್ನು ಒಂದು ಮೇಲೆ ಒಂದು ಕೆಳಗೆ ಸಿಕ್ಕಿಸಿಕೊಂಡು, ಒಂದು ಕಾಲಿಗೆ ಸಾಕ್ಸ್ ಏರಿಸಿ, ಇನ್ನೊಂದು ಕಾಲಿನದು ಎಲ್ಲಿ ಎಂದು ಮನೆಯವರನ್ನೆಲ್ಲ ಎಬ್ಬಿಸಿರುತ್ತಿದ್ದ. ಹಲ್ಲಿಗೆ ಅವನು ದಯಪಾಲಿಸುತ್ತಿದ್ದುದು ಇಪ್ಪತ್ತು ಸೆಕೆಂಡು. ಅದರಲ್ಲೂ ಐದು ಸೆಕೆಂಡು ಪೇಸ್ಟಿನ ಮುಚ್ಚಳ ಹುಡುಕುವುದರಲ್ಲಿ ಹೋಗುತ್ತಿತ್ತು.

ಪಾದರಸ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಲಿಫ್ಟ್ ರಿಪೇರಿ ಕಂಪನಿಯ ಗೆಳೆಯರು ಇಟ್ಟದ್ದು. ಅದು ಅವನ ಹಿಂದೆಯೇ ಮನೆಗೂ ಬಂದು ತಳವೂರಿತ್ತು. ಕೂತಲ್ಲಿ ಕೂರಲಾರ, ನಿಂತಲ್ಲಿ ನಿಲ್ಲಲಾರ. ಕಾಫಿ ಲೋಟವನ್ನು ಕೈಗೆ ಕೊಟ್ಟರೆ ಅಡುಗೆಮನೆಯಿಂದ ಹೊರಬಾಗಿಲವರೆಗೆ ನಡೆಯುತ್ತಲೇ ಕುಡಿದು, ಖಾಲಿ ಲೋಟವನ್ನು ಚಪ್ಪಲಿ ಗೂಡಿನಲ್ಲಿ ಬಿಟ್ಟು ಹೋಗುವ ಗಿರಾಕಿ. (ಆ ಮನೆಯಲ್ಲಿ ಲೋಟ ಕಾಣದಿದ್ದರೆ ಮೊದಲು ಚಪ್ಪಲಿ ಗೂಡನ್ನೇ ನೋಡುತ್ತಾರೆ.)

ಇಂಥ ಮನುಷ್ಯ ದಿನವಿಡೀ ಊರಿಗೆಲ್ಲ ಬೋಧಿಸುತ್ತಿದ್ದುದು ಏನನ್ನು ಅಂತೀರಿ? ತಾಳ್ಮೆಯನ್ನು. ಅವನ ಸುಪರ್ದಿಯಲ್ಲಿ ನಲವತ್ತೊಂದು ಲಿಫ್ಟುಗಳಿದ್ದವು. ಜನ ಲಿಫ್ಟಿನ ಗುಂಡಿಯನ್ನು ಟಕಟಕ ಟಕಟಕ ಒತ್ತುವುದು ಕಂಡರೆ ಅವನಿಗೆ ಮೈಯೆಲ್ಲ ಉರಿ. ಗುಂಡಿ ಒತ್ತಿದರೆ ಅದರ ಸುತ್ತ ಕೆಂಪು ದೀಪ ಹತ್ತುತ್ತದೆ. ದೀಪ ಹತ್ತಿತೆಂದರೆ ನಿಮ್ಮ ಅಹವಾಲು ಯಂತ್ರಕ್ಕೆ ಮುಟ್ಟಿದೆ, ಅದು ಒಪ್ಪಿಕೊಂಡಿದೆ, ಕೆಲಸ ನಡೆಯುತ್ತಿದೆ ಎಂದರ್ಥ. ಆಮೇಲೂ ಒತ್ತುವವನು ಯಂತ್ರದ್ರೋಹಿ. ಹೆಂಡತಿ ಕೆಲಸ ಮಾಡುವ ಮುದ್ರಣಾಲಯದಲ್ಲಿ ಚೀಟಿ ಅಚ್ಚು ಹಾಕಿಸಿ ನಲವತ್ತೊಂದು ಲಿಫ್ಟಿನ ಪಕ್ಕದಲ್ಲೂ ತಾನೇ ಅಂಟಿಸಿದ್ದ: ‘ಒಮ್ಮೆ ಒತ್ತಿದರೆ ಸಾಕು. ಒತ್ತಿದಷ್ಟೂ ಬೇಗ ಬರುವುದಿಲ್ಲ.’

ಹೆಂಡತಿಗೆ ಆ ಮುದ್ರಣಾಲಯದಲ್ಲಿ ಕರಡು ತಿದ್ದುವ ಕೆಲಸ. ಗಂಡ ಎಷ್ಟು ಅವಸರವೋ ಅವಳು ಅಷ್ಟು ನಿಧಾನ. ಅಚ್ಚಾದದ್ದು ಏನು ಸಿಕ್ಕರೂ ಓದದೆ ಬಿಡುವವಳಲ್ಲ: ಬಿಸ್ಕತ್ತಿನ ಪೊಟ್ಟಣ, ಔಷಧಿ ಡಬ್ಬಿಯೊಳಗಿನ ಮಡಿಸಿದ ಕಾಗದ, ಬಸ್ ಟಿಕೆಟ್ಟಿನ ಹಿಂಬದಿ, ಎಲ್ಲ. ಓದುವಾಗ ಕಿವಿಯ ಹಿಂದಿನ ಪೆನ್ಸಿಲು ಕೈಗೆ ಬಂದಿರುತ್ತದೆ. ತನ್ನದೇ ಮದುವೆಯ ಆಮಂತ್ರಣ ಪತ್ರಿಕೆಯಲ್ಲೂ ಎರಡು ತಪ್ಪು ಹಿಡಿದಿದ್ದಳು, ಮೂರನೆಯದನ್ನು ಮಾತ್ರ ಮದುವೆಯಾದ ಮೇಲೆ ಕಂಡುಕೊಂಡೆ ಎನ್ನುತ್ತಾಳೆ.

ಒಂದು ಬೆಳಗ್ಗೆ ಪಾದರಸ ನಡೆಯುತ್ತ ಸೇಬು ಕಚ್ಚಿದ. ಕಚ್ಚಿದ ಜಾಗದಲ್ಲಿ ಸೇಬು ಬಿಳಿಯಾಗಿರಬೇಕಾದಲ್ಲಿ ಕೆಂಪಾಗಿತ್ತು. ‘ಹೊಸ ಜಾತಿಯ ಸೇಬು’ ಎಂದು ಅವನು ಸಮರ್ಥಿಸಿಕೊಳ್ಳುವಷ್ಟರಲ್ಲಿ ಹೆಂಡತಿ ಅವನ ತುಟಿ ಎಳೆದು ನೋಡಿ, ಅರ್ಧ ದಿನದ ರಜೆ ಹಾಕಿ, ಅವನನ್ನು ಹಲ್ಲಿನ ಡಾಕ್ಟರಮ್ಮನ ಹತ್ತಿರ ಹೊರಡಿಸಿದಳು.

ಆ ಡಾಕ್ಟರಮ್ಮನ ಕ್ಲಿನಿಕ್ಕು ನಾಲ್ಕನೇ ಮಹಡಿಯಲ್ಲಿ, ಲಿಫ್ಟು ಇವನ ನಲವತ್ತೊಂದರಲ್ಲಿ ಒಂದು. ಇವರು ಹೋದಾಗ ಡಾಕ್ಟರಮ್ಮ ಕೆಳಗೇ ನಿಂತು ಗುಂಡಿಯನ್ನು ಆರನೇ ಸಲ ಒತ್ತುತ್ತಿದ್ದರು, ಚೀಟಿಯ ಪಕ್ಕದಲ್ಲೇ.

“ಡಾಕ್ಟರಮ್ಮ, ದೀಪ ಹತ್ತಿದೆ. ಅದಕ್ಕೆ ಕೇಳಿಸಿದೆ,” ಎಂದ ಪಾದರಸ.

“ಗೊತ್ತು. ಆದ್ರೂ ಒತ್ತಿದ್ರೆ ಏನೋ ಒಂದು ಸಮಾಧಾನ.”

“ನಿಮ್ಮ ಸಮಾಧಾನಕ್ಕೆ ನನ್ನ ಗುಂಡಿ ಸವೆಯುತ್ತೆ.”

ಡಾಕ್ಟರಮ್ಮ ನಕ್ಕರು. ಹತ್ತು ನಿಮಿಷದಲ್ಲಿ ಇವನು ತಮ್ಮ ಕುರ್ಚಿಯಲ್ಲಿ ಬಾಯಿ ತೆರೆದುಕೊಂಡು ಮಲಗುವವನು ಎಂಬುದು ಅವರಿಗೆ ಗೊತ್ತಿತ್ತು.

ಕುರ್ಚಿಯಲ್ಲಿ ಅವನ ಕಾಲು ಒಂದೇ ಸಮನೆ ಕುಣಿಯುತ್ತಿತ್ತು. ಡಾಕ್ಟರಮ್ಮ ಸಣ್ಣ ಕಡ್ಡಿಯೊಂದನ್ನು ಒಂದೊಂದು ಹಲ್ಲಿನ ಬುಡಕ್ಕೂ ಇಳಿಸಿ ಅಂಕಿ ಹೇಳುತ್ತ ಹೋದರು, ನರ್ಸಮ್ಮ ಬರೆದುಕೊಳ್ಳುತ್ತ ಹೋದರು. “ಮೂರು, ಮೂರು, ನಾಲ್ಕು, ಮೂರು, ಐದು, ಐದು, ಐದು, ಐದು.” ಅಂಕಿ ಕೇಳಿದರೆ ಮಹಡಿ ಎಣಿಸುವ ಅಭ್ಯಾಸದವನಿಗೆ ಲಿಫ್ಟು ಐದರಲ್ಲೇ ಯಾಕೆ ನಿಂತಿತು ಎಂಬ ಚಿಂತೆ ಹತ್ತಿತು.

“ವಸಡು ಹಲ್ಲನ್ನ ಬಿಟ್ಟು ಸರೀತಾ ಇದೆ,” ಎಂದರು ಡಾಕ್ಟರಮ್ಮ. “ನಡುವೆ ಸಂದು ಬಿದ್ದಿದೆ, ಅದರ ಆಳ ಇದು, ಮಿಲಿಮೀಟರಲ್ಲಿ. ಮೂರರ ತನಕ ಪರವಾಗಿಲ್ಲ. ನಿಮ್ಮ ಕೆಳಗಿನ ಮುಂದಿನ ನಾಲ್ಕು ಹಲ್ಲಿಗೆ ಐದಾಗಿದೆ. ದಿನಾ ಸರಿಯಾಗಿ ಉಜ್ಜದೆ ಪಾಚಿ ಕಟ್ಟಿದೆ, ಪಾಚಿ ಗಟ್ಟಿಯಾಗಿ ಕಿಟ್ಟ ಆಗಿದೆ. ಈಗ ಕಿಟ್ಟ ತೆಗೀತೀನಿ. ಆರು ವಾರ ಬಿಟ್ಟು ಬನ್ನಿ. ಆಗ್ಲೂ ಐದೇ ಇದ್ರೆ ವಸಡು ಕೊಯ್ದು ಒಳಗೆ ಶುಚಿ ಮಾಡಬೇಕಾಗುತ್ತೆ. ಅದನ್ನೂ ಬಿಟ್ರೆ ಆ ನಾಲ್ಕು ಹಲ್ಲು ನಿಮ್ಮ ಹತ್ರ ಇರಲ್ಲ.”

ಪಾದರಸನ ಕಾಲು ಕುಣಿಯುವುದನ್ನು ನಿಲ್ಲಿಸಿತು. ಇಪ್ಪತ್ತು ವರ್ಷದಲ್ಲಿ ಹೆಂಡತಿ ಅದನ್ನು ನೋಡಿದ್ದು ಅದೇ ಮೊದಲು.

“ಕರೆಂಟಿನ ಬ್ರಷ್ ತಗೊಂಡ್ರೆ?” ಎಂದ ಅವನು, ಬಾಯಿ ಮುಚ್ಚಲು ಅನುಮತಿ ಸಿಕ್ಕ ಕೂಡಲೇ.

“ತಗೋಬಹುದು. ಅದು ಪಾಚಿ ಸ್ವಲ್ಪ ಹೆಚ್ಚು ತೆಗೆಯುತ್ತೆ. ಆದ್ರೆ ಕೈ ಬ್ರಷ್‌ನಲ್ಲೂ ನಿಧಾನಕ್ಕೆ, ಎರಡು ನಿಮಿಷ, ಸರಿಯಾಗಿ ಉಜ್ಜಿದ್ರೆ...”

ಮೊದಲ ವಾಕ್ಯ ಮುಗಿಯುವಷ್ಟರಲ್ಲಿ ಪಾದರಸನ ಕಿವಿ ಕ್ಲಿನಿಕ್ ಬಿಟ್ಟು ಅಂಗಡಿ ಸೇರಿಯಾಗಿತ್ತು. ಉಳಿದ ಮಾತನ್ನು ಹೆಂಡತಿಯೊಬ್ಬಳೇ ಕೇಳಿಸಿಕೊಂಡಳು. ಬಂದದ್ದಕ್ಕೆ ಅವಳೂ ಬಾಯಿ ತೋರಿಸಿದಳು. ಅವಳಿಗೂ ಒಂಬತ್ತು ಕಡೆ ವಸಡಿನಲ್ಲಿ ರಕ್ತ ಒಸರುತ್ತಿತ್ತು.

ಮನೆಗೆ ಬಂದಾಗ ಅವನ ಅಮ್ಮ ಕಿಟಕಿಯ ಬಳಿ ಕೂತಿದ್ದರು. ಅವರ ಹಲ್ಲುಸೆಟ್ಟು ಪಕ್ಕದ ಬಟ್ಟಲಿನ ನೀರಿನಲ್ಲಿ ವಿಶ್ರಾಂತಿ ಪಡೆಯುತ್ತಿತ್ತು. ಸಮಾಚಾರ ಕೇಳಿ ಅವರು ಮಗನ ಬಾಯಿಯ ಕಡೆ ನೋಡಿದರು.

“ನಿಮ್ಮಪ್ಪನಿಗೂ ಮೊದಲು ಹೋಗಿದ್ದು ಅವೇ ನಾಲ್ಕು ಕಣೋ. ಐವತ್ತಕ್ಕೆ ಸರಿಯಾಗಿ. ಆಮೇಲೆ ಅವರು ಜನರ ಎದುರಿಗೆ ನಗೋದನ್ನೇ ಬಿಟ್ರು. ನಗು ಬಂದ್ರೆ ಕೈ ಅಡ್ಡ ಇಟ್ಕೋತಿದ್ರು.”

ಪಾದರಸನಿಗೆ ಈಗ ನಲವತ್ತೊಂಬತ್ತು. ಅಪ್ಪನ ಆ ಕೈ ಅವನಿಗೆ ಚೆನ್ನಾಗಿ ನೆನಪಿತ್ತು. ಅದರ ಹಿಂದಿನ ನಗು ನೆನಪಿರಲಿಲ್ಲ. ಅವನಿಗೆ ನಿಜವಾಗಿಯೂ ಭಯವಾಯಿತು. ಭಯವಾದರೆ ಅವನು ಕೂತು ಯೋಚಿಸುವ ಜಾಯಮಾನದವನಲ್ಲ, ಓಡುತ್ತಾನೆ. ಓಡಿದ. ಸಂಜೆಗೆ ವಾಪಸ್ಸು ಬಂದಾಗ ಅವನ ಕೈಯಲ್ಲಿ ಒಂದು ಪೆಟ್ಟಿಗೆ, ಪೆಟ್ಟಿಗೆಯಲ್ಲಿ ವಿದ್ಯುಚ್ಚಾಲಿತ ದಂತಧಾವನ ಯಂತ್ರ.

“ಮೂಗಿಗಿಂತ ಮೂಗುತಿ ಭಾರ,” ಎಂದಳು ಹೆಂಡತಿ. “ನಿಮಗೆ ಬೇಕಾಗಿರೋದು ಮೆಷಿನ್ ಅಲ್ಲ ರೀ, ನಿಧಾನ. ನಾನು ಇದೇ ಹಳೇ ಬ್ರಷ್‌ನಲ್ಲಿ ಸರಿಮಾಡಿ ತೋರಿಸ್ತೀನಿ.”

“ಕೈಯಲ್ಲಿ ಉಜ್ಜೋದು ಮೆಟ್ಟಿಲು ಹತ್ತಿದ ಹಾಗೆ. ಲಿಫ್ಟ್ ಇರುವಾಗ ಮೆಟ್ಟಿಲು ಹತ್ತೋರು ಯಾರು?”

“ಹಾಗಾದ್ರೆ ಪಂದ್ಯ. ಆರು ವಾರ ಬಿಟ್ಟು ಯಾರ ವಸಡು ಹೆಚ್ಚು ಸುಧಾರಿಸಿದೆ ಅಂತ ಡಾಕ್ಟರಮ್ಮನೇ ಹೇಳ್ಲಿ. ನಾನು ಗೆದ್ರೆ ಬೆಳಗ್ಗೆ ಬಚ್ಚಲುಮನೆ ಮೊದಲು ನಂದು.”

ಇದು ಸಣ್ಣ ಮಾತಲ್ಲ. ಆ ಮನೆಯಲ್ಲಿದ್ದುದು ಒಂದೇ ಬಚ್ಚಲುಮನೆ. ಮದುವೆಯಾದ ಮಾರನೇ ದಿನದಿಂದ ಅದರ ಅಗ್ರಪ್ರವೇಶದ ಹಕ್ಕು ಪಾದರಸನದು. ‘ಎಲ್ಲೋ ಯಾರೋ ಲಿಫ್ಟಿನಲ್ಲಿ ಸಿಕ್ಕಿಕೊಂಡಿದ್ದಾರೆ’ ಎಂಬ ಒಂದೇ ಶಾಸನದ ಬಲದಿಂದ ಅವನು ಇಪ್ಪತ್ತು ವರ್ಷ ಆ ಸಿಂಹಾಸನವನ್ನು ಕಾಪಾಡಿಕೊಂಡಿದ್ದ. ಹೆಂಡತಿ ಅಷ್ಟೂ ವರ್ಷ ಅಡುಗೆಮನೆಯ ಸಿಂಕಿನಲ್ಲೇ ಹಲ್ಲುಜ್ಜಿದವಳು.

“ನಾನು ಗೆದ್ರೆ?”

“ನಾನೂ ಮೆಷಿನ್ನೇ ಹಿಡೀತೀನಿ. ಅಷ್ಟೇ ಅಲ್ಲ, ನಿಮ್ಮ ಅವಸರದ ಬಗ್ಗೆ ಜನ್ಮದಲ್ಲಿ ಒಂದು ಮಾತೂ ಆಡಲ್ಲ.”

ಪಾದರಸ ಒಪ್ಪಿದ, ಒಂದು ಷರತ್ತಿನ ಮೇಲೆ. “ಫಲಿತಾಂಶ ಬರೋ ತನಕ ಒಬ್ಬರಿಗೊಬ್ಬರು ಸಲಹೆ ಕೊಡೋ ಹಾಗಿಲ್ಲ. ನಿನ್ನ ಸಲಹೆ ಕೇಳ್ತಾ ಕೂತ್ರೆ ನನ್ನ ಗೆಲುವಿನಲ್ಲಿ ನೀನು ಪಾಲು ಕೇಳ್ತೀಯ.”

ಷರತ್ತು ಹಾಕಿದವನು ಅವನೇ ಎಂಬುದನ್ನು ಓದುಗರು ದಯವಿಟ್ಟು ನೆನಪಿಟ್ಟುಕೊಳ್ಳಬೇಕು.

ಪೆಟ್ಟಿಗೆಯೊಳಗೆ ಸಣ್ಣದೊಂದು ಪುಸ್ತಿಕೆಯಿತ್ತು. ಪಾದರಸ ಅದನ್ನು ಬಿಸಾಡಿದ. ಎಂಟು ಪ್ರಯಾಣಿಕರನ್ನು ಹೊತ್ತು ಹನ್ನೆರಡು ಮಹಡಿ ಏರುವ ಯಂತ್ರವನ್ನು ಬಿಚ್ಚಿ ಜೋಡಿಸುವವನಿಗೆ ಅಂಗೈ ಉದ್ದದ ಕುಂಚಕ್ಕೆ ಪಾಠ ಬೇಕೇ? ಪುಸ್ತಿಕೆ ನೆಲ ಮುಟ್ಟುವ ಮೊದಲೇ ಹೆಂಡತಿಯ ಕೈಯಲ್ಲಿತ್ತು. ಊಟದ ಮೇಜಿನ ಮೇಲೆ ಹರಡಿಕೊಂಡು, ಪೆನ್ಸಿಲು ಹಿಡಿದು, ಮೊದಲ ಪುಟದಿಂದ ಶುರುಮಾಡಿದಳು. ಐದನೇ ಪುಟಕ್ಕೆ ಬಂದವಳು ತಲೆಯೆತ್ತಿದಳು.

“ರೀ, ಈ ಐದನೇ ಪುಟ ಒಂದ್ಸಲ...”

“ಸಲಹೆ,” ಎಂದ ಪಾದರಸ, ನ್ಯಾಯಾಧೀಶರಂತೆ ಬೆರಳೆತ್ತಿ.

“ಸಲಹೆ ಅಲ್ಲ. ಇಲ್ಲಿ ಅಚ್ಚಾಗಿರೋದು.”

“ಅಚ್ಚಾದ ಸಲಹೆ.”

ಅವಳು ಪೆನ್ಸಿಲಿನಲ್ಲಿ ಆ ಪುಟದ ಅಂಚಿಗೆ ಒಂದು ಗೆರೆ ಎಳೆದು, ಪುಸ್ತಿಕೆಯನ್ನು ಮಡಚಿ ಕೈಚೀಲಕ್ಕೆ ಹಾಕಿಕೊಂಡಳು.

ಮಾರನೇ ಬೆಳಗ್ಗೆ ಯಂತ್ರದ ಪ್ರತಿಷ್ಠಾಪನೆಯಾಯಿತು. ಗುಂಡಿ ಒತ್ತಿದರೆ ಗುಯ್ಯೆಂದು ಹೊರಟಿತು. ಅರ್ಧ ನಿಮಿಷಕ್ಕೊಮ್ಮೆ ಗುಟುಕ್ ಎಂದು ತಡೆದು ಮತ್ತೆ ಹೊರಡುತ್ತಿತ್ತು. ಬಾಯಿಯ ಒಂದು ಭಾಗ ಮುಗಿಯಿತು, ಮುಂದಕ್ಕೆ ಹೋಗು ಎಂದು ಅದರ ಸೂಚನೆ. ಪಾದರಸನಿಗೆ ಇದು ಹೇಳಿಕೊಡದೆಯೇ ತಿಳಿಯಿತು: ಮಹಡಿ ಬಂತು. ಕೆಳಗಿನ ಎಡ ನೆಲಮಹಡಿ, ಕೆಳಗಿನ ಬಲ ಒಂದನೇ ಮಹಡಿ, ಹೀಗೆ ನಾಲ್ಕು ನಿಲುಗಡೆ, ಎರಡು ನಿಮಿಷ. ಮೊದಲ ದಿನ ಅವನು ಅಭ್ಯಾಸಬಲದಿಂದ ಉಜ್ಜುತ್ತಲೇ ಮನೆಯೆಲ್ಲ ಸುತ್ತಿದ. ಅಮ್ಮನ ಮಡಿಲಿಗೆ, ದಿನಪತ್ರಿಕೆಗೆ, ಹೆಂಡತಿಯ ಕರಡಿನ ಹಾಳೆಗಳಿಗೆ ಸಮಾನವಾಗಿ ನೊರೆ ಹಂಚಿದ. ಅಂದಿನಿಂದ ಬಚ್ಚಲುಮನೆಯ ಬಾಗಿಲು ಹಾಕಿಕೊಂಡೇ ಉಜ್ಜತಕ್ಕದ್ದು ಎಂದು ಅಮ್ಮನಿಂದ ಆಜ್ಞೆಯಾಯಿತು. ಒಳಗೆ ಅವನು ನಿಂತಲ್ಲೇ ನಡೆಯುತ್ತ ಉಜ್ಜತೊಡಗಿದ. ಗೋಡೆಯಾಚೆ ಅಡುಗೆಮನೆಯ ಸಿಂಕಿನ ಮುಂದೆ ಹೆಂಡತಿ ತನ್ನ ಹಳೇ ಬ್ರಷ್ ಹಿಡಿದು ಸದ್ದಿಲ್ಲದೆ ಉಜ್ಜುತ್ತಿದ್ದಳು.

ಇನ್ನು ಮುಖ್ಯ ಸಂಗತಿ. ಯಂತ್ರದ ಕತ್ತಿನ ಸುತ್ತ ತೆಳುವಾದ ಒಂದು ಬಳೆಯಂಥ ಗಾಜು ಇತ್ತು. ಹಗುರವಾಗಿ ಹಿಡಿದಾಗ ಅದು ಸುಮ್ಮನಿರುತ್ತಿತ್ತು. ಹಲ್ಲಿಗೆ ಒತ್ತಿ ಹಿಡಿದರೆ ಕೆಂಪಗೆ ಹತ್ತುತ್ತಿತ್ತು. ಪಾದರಸನಿಗೆ ಆನಂದವಾಯಿತು. ಕೆಂಪು ದೀಪ ಎಂದರೆ ಏನು ಎಂದು ನಲವತ್ತೊಂದು ಲಿಫ್ಟುಗಳ ಜನಕ್ಕೆ ಪಾಠ ಹೇಳಿದವನು ಅವನು. ಅಹವಾಲು ಮುಟ್ಟಿದೆ, ಯಂತ್ರ ಒಪ್ಪಿಕೊಂಡಿದೆ, ಕೆಲಸ ನಡೆಯುತ್ತಿದೆ. ದೀಪ ಹತ್ತದಿದ್ದರೆ ಆ ಹಲ್ಲಿನ ಕೆಲಸ ಲೆಕ್ಕಕ್ಕಿಲ್ಲ. ಹಾಗಾಗಿ ಒಂದೊಂದು ಹಲ್ಲಿಗೂ ದೀಪ ಹತ್ತುವವರೆಗೆ ಒತ್ತಿ, ಹತ್ತಿದ್ದು ಆರದಂತೆ ಒತ್ತಿ ಹಿಡಿದು, ಕನ್ನಡಿಯಲ್ಲಿ ಆ ಕೆಂಪನ್ನು ನೋಡುತ್ತ, ಹಲ್ಲು ಕಚ್ಚಲಾಗದ್ದರಿಂದ ಬರೀ ಕಣ್ಣು ಕಿರಿದು ಮಾಡಿಕೊಂಡು, ಅವನು ತನ್ನ ನಾಲ್ಕು ಮಹಡಿಗಳನ್ನು ಪೂರೈಸುತ್ತಿದ್ದ. ಬೆಳಗ್ಗೆ ಒಮ್ಮೆ, ಮಲಗುವಾಗ ಒಮ್ಮೆ. ಇಷ್ಟು ಶ್ರದ್ಧೆಯಿಂದ ಅವನು ಜೀವನದಲ್ಲಿ ಇನ್ನೇನನ್ನೂ ಮಾಡಿರಲಿಲ್ಲ. ಅವನ ಭಯ ಅಷ್ಟಿತ್ತು.

ಮೂರನೇ ವಾರ ಮಧ್ಯಂತರ ಪರೀಕ್ಷೆ. ಡಾಕ್ಟರಮ್ಮ ಎರಡು ಗುಳಿಗೆ ಕೊಟ್ಟಿದ್ದರು. ಅದನ್ನು ಜಗಿದು ಬಾಯಿ ಮುಕ್ಕಳಿಸಿದರೆ ಎಲ್ಲಿ ಪಾಚಿ ಉಳಿದಿದೆಯೋ ಅಲ್ಲೆಲ್ಲ ಕಡುಕೆಂಪು ಬಣ್ಣ ನಿಲ್ಲುತ್ತದೆ. ಭಾನುವಾರ ಗಂಡ ಹೆಂಡತಿ ಇಬ್ಬರೂ ಜಗಿದು, ಅಮ್ಮನ ಎದುರು ಬಾಯಿ ತೆರೆದು ನಿಂತರು. ಅಮ್ಮ ಕನ್ನಡಕ ಏರಿಸಿಕೊಂಡು, ಟಾರ್ಚು ಹಿಡಿದು, ಇಬ್ಬರ ಬಾಯಿಯನ್ನೂ ನಿಧಾನವಾಗಿ ನೋಡಿದರು.

“ಇವಳಿಗೆ ಹಿಂದಿನ ಹಲ್ಲಿನಲ್ಲಿ ಅಲ್ಲಲ್ಲಿ ಬಣ್ಣ ಇದೆ. ಇವನ ಹಲ್ಲು ಪಾತ್ರೆ ತೊಳೆದಿಟ್ಟ ಹಾಗಿದೆ. ತುಟಿ ನಾಲಿಗೆ ಮಾತ್ರ ನೋಡೋಕಾಗಲ್ಲ.”

ಪಾದರಸ ಕುಣಿದಾಡಿದ. ಕುಣಿತ ಒಂದು ಸುತ್ತು ಮುಗಿಯುವ ಮೊದಲೇ ಫೋನು ಬಂತು. ಎರಡು ಬೀದಿ ಆಚೆಯ ಕಟ್ಟಡದಲ್ಲಿ ಲಿಫ್ಟು ಎರಡನೇ ಮತ್ತು ಮೂರನೇ ಮಹಡಿಯ ನಡುವೆ ನಿಂತಿದೆ, ಒಳಗೆ ನಿವೃತ್ತ ಮೇಷ್ಟ್ರೊಬ್ಬರು ಸಿಕ್ಕಿಕೊಂಡಿದ್ದಾರೆ. ಪಾದರಸ ಹಾಗೇ ಓಡಿದ. “ಬಾಯಿ ತೊಳ್ಕೊಂಡು ಹೋಗಿ” ಎಂದು ಹೆಂಡತಿ ಕೂಗಿದ್ದು ಸಲಹೆಯ ಲೆಕ್ಕಕ್ಕೆ ಸೇರಿ ತಿರಸ್ಕೃತವಾಯಿತು.

ಲಿಫ್ಟಿನ ಬಾಗಿಲನ್ನು ಅವನು ಮೇಲಿನಿಂದ ನಾಲ್ಕು ಬೆರಳಗಲ ಸರಿಸಿ, ಒಳಗೆ ಮುಖ ಇಣುಕಿಸಿ, ಧೈರ್ಯ ತುಂಬಲೆಂದು ಬಾಯ್ತುಂಬ ನಕ್ಕ. ತುಟಿಯೆಲ್ಲ ಕಡುಕೆಂಪು, ನಾಲಿಗೆ ಕಡುಕೆಂಪು, ನಡುವೆ ಹಲ್ಲು ಮಾತ್ರ ಬೆಳ್ಳಗೆ ಹೊಳೆಯುತ್ತಿತ್ತು.

“ಹೆದರ್ಬೇಡಿ ಮೇಷ್ಟ್ರೇ, ನಾನು ಬಂದೆ.”

ಮೇಷ್ಟ್ರು ತಮ್ಮ ಚೀಲವನ್ನು ಎದೆಗವಚಿಕೊಂಡು ಹಿಂದಿನ ಮೂಲೆಗೆ ಸರಿದರು. “ಬೇಡಪ್ಪ. ನನಗೇನೂ ಅವಸರ ಇಲ್ಲ. ಇಲ್ಲೇ ಇರ್ತೀನಿ,” ಎಂದರು.

ಅವರನ್ನು ಒಪ್ಪಿಸಿ ಹೊರಗೆ ತರಲು ಇಪ್ಪತ್ತು ನಿಮಿಷ ಹಿಡಿಯಿತು. ಲಿಫ್ಟನ್ನು ಸರಿಮಾಡಲು ಮೂರೇ ನಿಮಿಷ ಸಾಕಾಯಿತು. ಆದರೂ ಆ ದಿನ ಪಾದರಸನ ಉತ್ಸಾಹ ಇಳಿಯಲಿಲ್ಲ. ದಾರಿಯಲ್ಲಿ ಸಿಕ್ಕ ಪ್ರತಿ ಅಂಗಡಿಯ ಗಾಜಿನಲ್ಲೂ ತನ್ನ ಹಲ್ಲು ನೋಡಿಕೊಳ್ಳುತ್ತ ಮನೆಗೆ ಬಂದ.

ನಾಲ್ಕನೇ ವಾರ ಯಂತ್ರದ ಕುಂಚ ಕೆದರಿ ಪೊರಕೆಯಾಯಿತು. ಮೂರು ತಿಂಗಳು ಬಾಳಬೇಕಾದದ್ದು ಎಂದು ಅಂಗಡಿಯವನು ಹೇಳಿದಾಗ ಪಾದರಸ ಹೆಮ್ಮೆಯಿಂದ ನಕ್ಕು, ಹೊಸದನ್ನು ಹಾಕಿಸಿಕೊಂಡ. ಐದನೇ ವಾರ ತಣ್ಣೀರು ಕುಡಿದರೆ ಕೋರೆಹಲ್ಲಿನಿಂದ ಕಿವಿಯವರೆಗೆ ಝುಮ್ಮೆನ್ನತೊಡಗಿತು. ಬಿಸಿ ಕಾಫಿ ಕುಡಿದರೂ ಅಷ್ಟೇ. ಈಗ ಅವನು ಕಾಫಿಯನ್ನು ಆರಿಸಿಕೊಂಡು, ಕೂತು ಕುಡಿಯಬೇಕಾಯಿತು. ಅವನು ಕೂತದ್ದು ಕಂಡು ಮನೆಯವರಿಗೆ ಗಾಬರಿಯಾಯಿತು.

“ಏನ್ರೀ ಅದು, ಮುಖ ಹಾಗೆ ಮಾಡ್ತೀರಿ?” ಎಂದಳು ಹೆಂಡತಿ.

“ಏನಿಲ್ಲ. ಲಿಫ್ಟಿಗೆ ಹೊಸ ಹಗ್ಗ ಹಾಕಿದಾಗ್ಲೂ ಮೊದಮೊದಲು ಎಳೆತ ಇರುತ್ತೆ. ಹೊಂದ್ಕೊಳ್ಳುತ್ತೆ.”

“ನನ್ನ ಮಾತು ಕೇಳಿ, ಆ ಐದನೇ ಪುಟ...”

“ಸಲಹೆ.”

ಅವಳು ಅತ್ತೆಯ ಕಡೆ ನೋಡಿದಳು. ಅತ್ತೆ ಬಟ್ಟಲಿನಿಂದ ಹಲ್ಲುಸೆಟ್ಟು ತೆಗೆದು ಹಾಕಿಕೊಂಡರು. ಮುಖ್ಯವಾದ ಮಾತಿಗೆ ಮಾತ್ರ ಅವರು ಅದನ್ನು ಹಾಕಿಕೊಳ್ಳುವುದು.

“ನಾನು ಯಾವ ಪಕ್ಷವೂ ಅಲ್ಲ ಕಣೋ. ಅವಳು ಏನೋ ಓದಿದ್ದಾಳೆ, ಒಂದ್ಸಲ ನೋಡು.”

“ಅಮ್ಮ, ಹಲ್ಲಿಲ್ಲದೋರಿಗೆ ಇದರಲ್ಲಿ ಓಟಿಲ್ಲ.”

“ನನಗೆ ಹಲ್ಲಿಲ್ಲದೆ ಇರೋದಕ್ಕೇ ಹೇಳ್ತಿರೋದು,” ಎಂದರು ಅಮ್ಮ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಮಗನಿಗೆ ಅದು ತಾಗಲಿಲ್ಲ. ಸೆಟ್ಟು ಮತ್ತೆ ಬಟ್ಟಲು ಸೇರಿತು.

ರಾತ್ರಿ ಮಲಗುವ ಮೊದಲು ಹೆಂಡತಿ ಮೂರನೇ ಸಲ ಪ್ರಯತ್ನಿಸಿದಳು. ಪುಸ್ತಿಕೆಯನ್ನು ಐದನೇ ಪುಟಕ್ಕೆ ತೆರೆದು ಅವನ ದಿಂಬಿನ ಮೇಲೆ ಇಟ್ಟಳು. ಬೆಳಗ್ಗೆ ನೋಡಿದರೆ ಅವನು ಅದನ್ನು ನಾಲ್ಕು ಮಡಿಕೆ ಮಾಡಿ ಅಲುಗಾಡುವ ಮೇಜಿನ ಕಾಲಿಗೆ ಕೊಟ್ಟಿದ್ದ. ಅವಳು ಮೇಜನ್ನು ಎತ್ತಿ, ಪುಸ್ತಿಕೆ ಬಿಡಿಸಿ, ಸುಕ್ಕು ತಿದ್ದಿ, ಮತ್ತೆ ಕೈಚೀಲಕ್ಕೆ ಹಾಕಿಕೊಂಡಳು. ಆ ದಿನ ಅವಳು ನಿಜಕ್ಕೂ ಸಿಟ್ಟಾಗಿದ್ದಳು. ಪಂದ್ಯ ಗೆಲ್ಲುವ ಆಸೆ ಅವಳಿಗೆ ಅಷ್ಟರಲ್ಲಿ ಅರ್ಧ ಹೋಗಿತ್ತು, ಗಂಡನ ಹಲ್ಲಿನ ಯೋಚನೆ ಮಾತ್ರ ಉಳಿದಿತ್ತು.

ಆರನೇ ವಾರ ಬಂತು. ಗಂಡ, ಹೆಂಡತಿ, ತೀರ್ಪು ಕೇಳಲೇಬೇಕೆಂದು ಹಟ ಹಿಡಿದ ಅಮ್ಮ, ಬಟ್ಟೆಯಲ್ಲಿ ಸುತ್ತಿದ ಯಂತ್ರ, ಎಲ್ಲರೂ ಹೊರಟರು. ಲಿಫ್ಟಿನ ಮುಂದೆ ಡಾಕ್ಟರಮ್ಮ ಗುಂಡಿ ಒತ್ತುತ್ತಿದ್ದರು. ಪಾದರಸ ಗಂಟಲು ಸರಿಮಾಡಿಕೊಂಡ. ಡಾಕ್ಟರಮ್ಮ ಕೈ ಹಿಂದಕ್ಕೆ ತೆಗೆದುಕೊಂಡು ಶಾಲೆಯ ಹುಡುಗಿಯಂತೆ ನಿಂತರು.

ಮೇಲೆ ತಲುಪುವಷ್ಟರಲ್ಲಿ ಅಮ್ಮ ಪಂದ್ಯದ ಕಥೆಯನ್ನೆಲ್ಲ ಡಾಕ್ಟರಮ್ಮನಿಗೆ ಹೇಳಿ ಮುಗಿಸಿದ್ದರು. ಮೊದಲು ಹೆಂಡತಿಯ ಸರದಿ. “ಒಂಬತ್ತು ಕಡೆ ರಕ್ತ ಬರ್ತಿತ್ತು, ಈಗ ಒಂದೇ ಕಡೆ. ತುಂಬ ಚೆನ್ನಾಗಿದೆ,” ಎಂದರು ಡಾಕ್ಟರಮ್ಮ. ಪಾದರಸ ಉದಾರವಾಗಿ ತಲೆದೂಗಿದ. ಸೋಲುವವರನ್ನು ಹುರಿದುಂಬಿಸುವುದು ಗೆಲ್ಲುವವರ ಧರ್ಮ.

ಆಮೇಲೆ ಅವನು ಮಲಗಿದ. ಕಡ್ಡಿ ಇಳಿಯಿತು. “ಎರಡು, ಮೂರು, ಮೂರು, ಮೂರು.” ಮುಂದಿನ ನಾಲ್ಕು ಹಲ್ಲಿನ ಹತ್ತಿರ ಅವನ ಕಾಲು ಕುಣಿಯುವುದನ್ನು ನಿಲ್ಲಿಸಿತು. “ನಾಲ್ಕು, ಮೂರು, ಮೂರು, ನಾಲ್ಕು. ಕೊಯ್ಯೋದೇನೂ ಬೇಡ. ಪಾಚಿ ಅಂತೂ ಹುಡುಕಿದ್ರೂ ಸಿಗಲ್ಲ.”

ಪಾದರಸನ ಕಣ್ಣಿನ ತುದಿಯಲ್ಲಿ ನೀರು ಬಂತು. ಐವತ್ತಕ್ಕೆ ಸರಿಯಾಗಿ ಹೋಗಬೇಕಾದ ಹಲ್ಲು ಉಳಿದುಕೊಂಡಿತ್ತು. ಅವನು ಏಳಲು ಹೋದ. ಡಾಕ್ಟರಮ್ಮ ಭುಜ ಹಿಡಿದು ಮತ್ತೆ ಮಲಗಿಸಿದರು.

“ಆದ್ರೆ ಇದೇನು ಮಾಡ್ಕೊಂಡಿದ್ದೀರಿ? ಕೋರೆಹಲ್ಲಿನ ಹತ್ರ ವಸಡು ತೇದು ಹೋಗಿದೆ. ಬೇರು ಇಣುಕ್ತಾ ಇದೆ. ಇಲ್ಲೂ ಹಾಗೇ, ಇಲ್ಲೂ ಹಾಗೇ. ತಣ್ಣಗಿನದು ಕುಡಿದ್ರೆ ಝುಮ್ ಅನ್ನಲ್ವಾ?”

“ಸ್ವಲ್ಪ.”

“ಬ್ರಷ್ ತಂದಿದ್ದೀರಲ್ಲ, ಹೇಗೆ ಉಜ್ತೀರಿ, ಮಾಡಿ ತೋರಿಸಿ.”

ಇದಕ್ಕಾಗಿಯೇ ಕಾದಿದ್ದವನಂತೆ ಪಾದರಸ ಎದ್ದು ನಿಂತ. ಬಟ್ಟೆ ಬಿಚ್ಚಿ ಯಂತ್ರ ತೆಗೆದ. ಕೋರೆಹಲ್ಲಿಗೆ ಇಟ್ಟು ಒತ್ತಿದ. ಬಳೆ ಕೆಂಪಗೆ ಹತ್ತಿತು. ಇನ್ನೊಂದು ಕೈಯಿಂದ ಅದನ್ನೇ ತೋರಿಸುತ್ತ, ಯಂತ್ರ ಬಾಯಲ್ಲಿದ್ದಂತೆಯೇ “ಓಡಿ, ಬಂತು” ಎಂದ. ನೋಡಿ, ಬಂತು ಎಂದು ಅದರರ್ಥ.

ಡಾಕ್ಟರಮ್ಮ ಸ್ವಲ್ಪ ಹೊತ್ತು ಆ ಕೆಂಪನ್ನು ನೋಡಿದರು. “ದಿನಾ ಹೀಗೇನಾ?”

“ದಿನಾ ಎರಡು ಹೊತ್ತು. ಒಂದು ಹಲ್ಲಿಗೂ ದೀಪ ಆರೋಕೆ ಬಿಟ್ಟಿಲ್ಲ.”

“ದೀಪ ಬಂದ್ರೆ ಏನರ್ಥ ಅಂದ್ಕೊಂಡಿದ್ದೀರಿ?”

“ಅದಕ್ಕೆ ಕೇಳಿಸಿದೆ ಅಂತ.”

ನರ್ಸಮ್ಮ ಇದ್ದಕ್ಕಿದ್ದಂತೆ ಗೋಡೆಯ ಕಡೆ ತಿರುಗಿ ಹತ್ತಿಯ ಡಬ್ಬಿ ಜೋಡಿಸತೊಡಗಿದರು. ಹೆಂಡತಿ ಕೈಚೀಲ ತೆರೆದು, ಸುಕ್ಕುಗಟ್ಟಿದ ಪುಸ್ತಿಕೆ ತೆಗೆದು, ಐದನೇ ಪುಟ ಬಿಡಿಸಿ, ಪೆನ್ಸಿಲಿನ ಗೆರೆಯ ಮೇಲೆ ಬೆರಳಿಟ್ಟು ಗಂಡನ ಮುಂದೆ ಹಿಡಿದಳು. ಪಾದರಸ ತನ್ನ ಆಯುಷ್ಯದಲ್ಲಿ ಪೂರ್ತಿ ಓದಿದ ಮೊದಲ ಸೂಚನೆ ಅದು. ‘ಕೆಂಪು ದೀಪ ಹತ್ತಿದರೆ ನೀವು ಅತಿಯಾಗಿ ಒತ್ತುತ್ತಿದ್ದೀರಿ. ವಸಡಿಗೆ ಹಾನಿಯಾಗುತ್ತದೆ. ಕೂಡಲೇ ಕೈ ಹಗುರ ಮಾಡಿ.’ (‘ಹಗುರ’ ಎಂಬಲ್ಲಿ ಒಂದಕ್ಷರ ತಪ್ಪಾಗಿ ಅಚ್ಚಾದದ್ದನ್ನು ಹೆಂಡತಿ ತಿದ್ದಿದ್ದಳು.)

“ನಿಮ್ಮ ಗುಂಡಿ ಸವೆಯುತ್ತೆ ಅಂತ ನನಗೆ ಬೈದಿದ್ರಿ,” ಎಂದರು ಡಾಕ್ಟರಮ್ಮ ಮೃದುವಾಗಿ. “ಈಗ ನೋಡಿ, ಯಾವುದು ಸವೆದಿದೆ.”

ನರ್ಸಮ್ಮನಿಂದ ತಡೆಯಲಾಗಲಿಲ್ಲ. ಆಮೇಲೆ ಡಾಕ್ಟರಮ್ಮನಿಂದಲೂ ಆಗಲಿಲ್ಲ. ಅಮ್ಮ ಕೂತಲ್ಲಿಂದಲೇ, “ಹೇಳೋದು ಪುರಾಣ, ತಿನ್ನೋದು ಬದನೆಕಾಯಿ,” ಎಂದು ತೀರ್ಪಿಗೆ ಮುದ್ರೆ ಒತ್ತಿದರು. ಎಲ್ಲರೂ ನಗುವಾಗ ಪಾದರಸನಿಗೂ ನಗು ಬಂತು, ಅದರ ಜೊತೆಗೆ ನಾಚಿಕೆಯೂ ಬಂತು, ಅವನಿಗರಿವಿಲ್ಲದೆ ಕೈ ಮೇಲೆದ್ದು ಬಾಯಿಗೆ ಅಡ್ಡ ಬಂತು. ಅಮ್ಮನ ನಗು ತಟ್ಟನೆ ನಿಂತಿತು. ಅಪ್ಪನ ಆ ಕೈಯನ್ನು ಕಣ್ಣಾರೆ ಕಂಡವರು ಆ ಕೋಣೆಯಲ್ಲಿ ಇಬ್ಬರೇ, ಅವರು ಮತ್ತು ಅವನು. ಹೆಂಡತಿ ಏನು ತಿಳಿದಳೋ, ಆ ಕೈಯನ್ನು ಹಿಡಿದು ಕೆಳಗಿಳಿಸಿದಳು.

“ಹಲ್ಲೆಲ್ಲ ಇದೆಯಲ್ಲ, ನಗಿ,” ಎಂದಳು.

ಡಾಕ್ಟರಮ್ಮ ಕೈಗವಸು ಬಿಚ್ಚುತ್ತ ಹೇಳಿದರು: “ಹೋದ ವಸಡು ಬೆಳೆದು ವಾಪಸ್ ಬರಲ್ಲ. ಇರೋದನ್ನ ಉಳಿಸ್ಕೊಳ್ಳಿ. ಮೆಷಿನ್ನೇ ಇರ್ಲಿ, ಒಳ್ಳೇದೇ. ಆದ್ರೆ ಸುಮ್ನೆ ಹಲ್ಲಿಗೆ ತಾಗಿಸಿ ಹಿಡೀರಿ, ಕೆಲಸ ಅದು ಮಾಡುತ್ತೆ. ಕೆಂಪು ಕಾಣಿಸಲೇಬಾರದು. ಪಂದ್ಯ ಮಾತ್ರ ನಿಮ್ಮ ಮನೆಯವರು ಗೆದ್ರು.”

ಬಚ್ಚಲುಮನೆಯ ಸಾಮ್ರಾಜ್ಯ ಮಾರನೇ ಬೆಳಗ್ಗೆ ಆರೂವರೆಗೆ ಕೈಬದಲಾಯಿತು. ಹೆಂಡತಿ ಟವೆಲು ಹೆಗಲಿಗೆ ಹಾಕಿಕೊಂಡು, ಯಾವ ಅವಸರವೂ ಇಲ್ಲದೆ ಒಳಗೆ ಹೋಗಿ ಚಿಲಕ ಹಾಕಿಕೊಂಡಳು. ಪಾದರಸ ಅಡುಗೆಮನೆಯ ಸಿಂಕಿನ ಮುಂದೆ ಯಂತ್ರ ಹಿಡಿದು ನಿಂತ. ದೀಪ ಕಾಯಲು ಅಮ್ಮ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂತಿದ್ದರು.

ಗೋಡೆಯ ಆಚೆಯಿಂದ ಹೆಂಡತಿ ಟಕ್ ಎಂದು ಒಮ್ಮೆ ತಟ್ಟಿದಳು. “ಶುರು ಮಾಡಿ ರೀ.”

“ನಾನು ಶುರು ಮಾಡಿದ್ರೆ ನಿನಗೇನು?”

“ನಿಮ್ಮ ಮೆಷಿನ್ ಗುಟುಕ್ ಅಂದಾಗ್ಲೆಲ್ಲ ನಾನು ಪಕ್ಕ ಬದಲಾಯಿಸೋದು. ಆರು ವಾರದಿಂದ ಹಾಗೇ ಮಾಡ್ತಾ ಇರೋದು. ಇಲ್ದಿದ್ರೆ ಎರಡು ನಿಮಿಷ ಆಯ್ತು ಅಂತ ನನಗೆ ಹೇಗೆ ಗೊತ್ತಾಗಬೇಕು?”

ಪಾದರಸ ದಂಗಾದ. ಹಾಗಾದರೆ ಗೆದ್ದದ್ದು ತನ್ನ ಯಂತ್ರವೇ! ಮೇಲ್ಮನವಿ ಸಲ್ಲಿಸಲು ಅಷ್ಟು ಸಾಕಿತ್ತು. ಆದರೆ ಆಗಲೇ ಬಾಯಿ ತುಂಬ ನೊರೆ, ಉದ್ವೇಗದಲ್ಲಿ ಕೈ ಬಿಗಿಯಾಯಿತು.

“ಬಂತು,” ಎಂದರು ಅಮ್ಮ, ಬಳೆಯ ಕಡೆ ಬೆರಳು ತೋರಿಸಿ.

ಅವನು ಕೈ ಹಗುರ ಮಾಡಿದ. ಕೆಂಪು ಆರಿತು. ಏನೂ ನಡೆಯುತ್ತಿಲ್ಲ ಎನ್ನಿಸುವಷ್ಟು ಹಗುರವಾಗಿ, ಮೇಲೆ ಒಂದು ದೀಪವೂ ಇಲ್ಲದೆ, ಬರೀ ನಂಬಿಕೆಯ ಮೇಲೆ ಎರಡು ನಿಮಿಷ ಒಂದೇ ಕಡೆ ನಿಂತು ಉಜ್ಜಿದ. ಅವನ ಬದುಕಿನ ಅತಿ ಉದ್ದದ ಪ್ರಯಾಣ ಅದು. ಬಾಯಿ ತೊಳೆದು ಗಡಿಯಾರ ನೋಡಿದ. ಸ್ನಾನವಾಗಿಲ್ಲ, ಅಂಗಿ ಒಳಗೇ ತೂಗುಹಾಕಿದೆ, ಎಲ್ಲೋ ಯಾರೋ ಲಿಫ್ಟಿನಲ್ಲಿ ಸಿಕ್ಕಿಕೊಂಡಿರಲೂಬಹುದು. ಬಚ್ಚಲುಮನೆಯ ಬಾಗಿಲು ತಟ್ಟಿದ. ನಲ್ಲಿಯ ನೀರು ನಿಧಾನವಾಗಿ ಬೀಳುವ ಸದ್ದು ಬಿಟ್ಟರೆ ಉತ್ತರವಿಲ್ಲ. ಎರಡನೇ ಸಲ ತಟ್ಟಿದ. ಒಂದು ಸುತ್ತು ನಡೆದು ಬಂದು ಮೂರು, ನಾಲ್ಕು, ಐದು ಸಲ ತಟ್ಟಿದ.

ನೀರು ನಿಂತಿತು. ಒಳಗಿನಿಂದ ಹೆಂಡತಿಯ ಧ್ವನಿ ಬಂತು, ಅಚ್ಚಿಗೆ ಹೋಗುವ ಮೊದಲು ಕರಡನ್ನು ಕೊನೆಯ ಸಲ ಓದುವಾಗಿನಂತೆ, ಅಕ್ಷರ ಅಕ್ಷರ ಬಿಡಿಸಿ:

“ಒಮ್ಮೆ ತಟ್ಟಿದರೆ ಸಾಕು ರೀ. ತಟ್ಟಿದಷ್ಟೂ ಬೇಗ ಬರುವುದಿಲ್ಲ.”